ಕಾಕಾ ಬಿಗಿದ ಕ್ಲಾಂಪು

ನಮ್ಮ ಕಾಕಾನ ಕಣ್ಣಿಗೆ ಈ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿವೆ: ಬಾಯಿ ಕಟ್ಟಿದ ಚೀಲ, ಬಾಯಿ ಕಟ್ಟದ ಚೀಲ. ಆಳಂದದ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತುಂಬಿಸುತ್ತಲೇ ಕೂದಲು ನರೆತ ಮನುಷ್ಯನಿಗೆ ಬೇರೇನು ಕಂಡೀತು? ಹಾಸಿಗೆಗೂ ಸೆಣಬಿನ ಸುತಳಿ, ಉಪ್ಪಿನಕಾಯಿ ಭರಣಿಗೂ ಸುತಳಿ. ನನ್ನ ಮದುವೆಯಲ್ಲಿ ರುಮಾಲು ಜಾರುತ್ತಿದೆ ಎಂದು ಅವರು ಹಾಕಿದ ಗಂಟನ್ನು ಮರುದಿನ ಕತ್ತರಿಯಿಂದಲೇ ಬಿಡಿಸಬೇಕಾಯಿತು. ಅಲ್ಲಿಯವರೆಗೆ ನಾನು ರುಮಾಲಿನಲ್ಲೇ ಮಲಗಿದ್ದೆ!

ಇಂಥವರ ಹಳೆಯ ಕಾರು ತಿರುವಿನಲ್ಲಿ ಕಟಕಟ ಎನ್ನತೊಡಗಿತು. ಮುಂದಿನ ಗಾಲಿ ತಿರುಗಿಸುವ ಆಕ್ಸಲ್ಲಿನ ಕೀಲಿಗೆ, ಒಳಗಿನ ಗ್ರೀಸ್ ಚೆಲ್ಲದಂತೆ, ಚೀಲದಂಥ ಒಂದು ರಬ್ಬರ್ ಬೂಟು ಹಾಕಿರುತ್ತಾರೆ. ಅದು ಹರಿದಿತ್ತು. ಆಳಂದದ ಗ್ಯಾರೇಜಿನ ಮೇಸ್ತ್ರಿಯೊಬ್ಬ ಕಾರನ್ನೇ ಗುಜರಿಗೆ ಹಾಕಿ ಎಂದುಬಿಟ್ಟ. ಇನ್ನು ಆತನ ಮುಖ ನೋಡುವುದುಂಟೆ? ಕಾಕಾ ಹೊಸ ಬೂಟು, ಅದನ್ನು ಬಿಗಿಯುವ ತಗಡಿನ ಕ್ಲಾಂಪು ಕೊಂಡು ನರೋಣಾದ ಮನೆಗೆ ಬಂದವರೇ ನನ್ನನ್ನು ಕರೆಸಿದರು. ಅವಸರವೂ ಇತ್ತು. ಗುರುವಾರ ಕೊಳಕೂರದಲ್ಲಿ ಕಾಕಿಯ ಅಕ್ಕನ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಮೊಣಕಾಲು ನೋವಿನ ಕಾಕಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು. ಅಕ್ಕನನ್ನು ನೋಡಿ ಬಹಳ ಕಾಲವಾಗಿತ್ತು. ಬಾಡಿಗೆ ಗಾಡಿ ಮಾಡೋಣ ಎಂದೆ. ಕಾಕಾ ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲಿಗೇ ನುಂಗಿದೆ.

ಆಕ್ಸಲ್ಲನ್ನು ಬಿಚ್ಚಿ ಅಂಗಳದ ಹೊರಸಿನ ಮೇಲೆ ಬಾಣಂತಿಯಂತೆ ಮಲಗಿಸಿದೆವು. ಬೂಟಿನ ಜೊತೆ ಸಣ್ಣ ಪಾಕೀಟು ಗ್ರೀಸ್ ಬಂದಿತ್ತು. ಅಷ್ಟೇ ಹಾಕಬೇಕು ಎಂದೆ.

"ಅರ್ಧ ತುಂಬಿದ ಚೀಲಕ್ಕ ಯಾರರ ಬಾಯಿ ಕಟ್ತಾರೇನೋ ತಮ್ಮಾ?" ಎಂದರು ಕಾಕಾ.

ಎಂದವರೇ ಮನೆಯಲ್ಲಿದ್ದ ಡಬ್ಬಿಯ ಗ್ರೀಸನ್ನೂ ತುಂಬಿದರು. ಚೀಲ ಕುಕ್ಕಿದಂತೆ ಆಕ್ಸಲ್ಲನ್ನೇ ಎತ್ತಿ ಕುಕ್ಕಿದರು. ಇನ್ನಷ್ಟು ಜಾಗವಾಯಿತು, ಇನ್ನಷ್ಟು ತುಂಬಿದರು! ಆಮೇಲೆ ಕ್ಲಾಂಪು ಸುತ್ತಿ, ಅದರ ಉಬ್ಬಿದ ಕಿವಿ ಹಿಂಡಲು ಅಡುಗೆಮನೆಯ ಇಕ್ಕಳ ಎತ್ತಿಕೊಂಡು ಬಂದರು. ಒಳಗೆ ಕಾಕಿ ಉಕ್ಕುವ ಚಹಾವನ್ನು ಸೆರಗಿನಿಂದ ಇಳಿಸಿಕೊಂಡರು. ಇಷ್ಟಾದರೂ ನಂಬಿಕೆ ಸಾಲದೆ ಕ್ಲಾಂಪಿನ ಮೇಲೆ ಸುತಳಿಯೂ ಬಂತು.

ಎಲ್ಲ ಜೋಡಿಸಿ ಕಾರು ಹೊರಡಿಸಿದೆವು. ಮೊದಲ ತಿರುವಿಗೇ ಫಟ್! ಕ್ಲಾಂಪು ಹಾರಿತು, ಸುತಳಿ ಹರಿಯಿತು, ಗ್ರೀಸೆಲ್ಲ ಪಕ್ಕದ ಮನೆಯ ಚಾಚಾನ ಬಿಳಿ ಆಡಿನ ಮೇಲೆ. ಚಾಚಾ ಬಂದು ಆಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ನಮ್ಮ ಆಡ ಕಟಕಟ ಅನ್ನಾಕತ್ತಿದ್ದಿಲ್ರಿ ಸಾವಕಾರ್ರ. ಇದಕ್ಯಾಕ ಗ್ರೀಸ್ ಹಚ್ಚಿದ್ರಿ?"

ಕಾಕಾ ನೀರು ತಂದು ಆಡು ತೊಳೆದರು. ಹೊಸ್ತಿಲಲ್ಲಿ ಕೂತಿದ್ದ ಕಾಕಿ, ಹೂರಣ ಹೆಚ್ಚಾದರೆ ಹೋಳಿಗೆ ಒಡೆಯುತ್ತದೆ, ಇಷ್ಟು ವರ್ಷ ತಿಂದವರಿಗೆ ಇದು ತಿಳಿಯಲಿಲ್ಲವೇ ಎಂದು ಕೇಳಿದರು. ಹೋಳಿಗೆಯ ಮಾತು ಕಾಕಾನಿಗೆ ನಾಟಿತು. ಮತ್ತೊಂದು ಬೂಟು ತಂದು, ಪಾಕೀಟಿನಷ್ಟೇ ಗ್ರೀಸ್ ಹಾಕಿ, ಅಂಚಿನ ಜಿಡ್ಡು ಒರೆಸಿ, ರಬ್ಬರಿನಡಿ ಕಡ್ಡಿ ತೂರಿಸಿ ಒಳಗಿನ ಗಾಳಿ ಬಿಟ್ಟು, ಆಮೇಲೆ ಕ್ಲಾಂಪು ಬಿಗಿದೆವು. ಈ ಸಲ ಊರೆಲ್ಲ ಸುತ್ತಿದರೂ ಅದು ಕದಲಲಿಲ್ಲ.

ಗುರುವಾರ ಹೊರಟೆವು. ಕಾಕಿ ಮುಂದೆ, ನಾನು ಹಿಂದೆ. ಕಾಕಾ ಮರದ ನೆರಳು ಕಂಡಲ್ಲೆಲ್ಲ ಗಾಡಿ ನಿಲ್ಲಿಸತೊಡಗಿದರು. ಕ್ಲಾಂಪು ನೋಡುತ್ತೇನೆ ಎಂದು ಇಳಿಯುವುದು, ಹಾಗೇ ಕಾಕಿಯ ಕಡೆಯ ಬಾಗಿಲು ತೆಗೆಯುವುದು. ಕಾಕಿ ಕಾಲು ಹೊರಗೆ ಚಾಚಿ ಮೊಣಕಾಲು ನೀವಿಕೊಳ್ಳುವರು. ಜೇವರ್ಗಿ ರಸ್ತೆಯಲ್ಲಿ ಮತ್ತೆ ನಿಂತಾಗ ನನಗೆ ರೇಗಿತು. ಹೀಗಾದರೆ ತೊಟ್ಟಿಲಿನ ಕೂಸು ಶಾಲೆಗೆ ಹೋಗಿರುತ್ತದೆ ಎಂದು ಗೊಣಗುತ್ತ ನಾನೇ ಗಾಲಿಯಡಿ ಬಗ್ಗಿದೆ. ಕ್ಲಾಂಪು ಗಟ್ಟಿಯಾಗಿಯೇ ಇತ್ತು. ಹಾಗೆಂದು ಹೇಳಿದೆ.

ಕಾಕಾ ನನ್ನ ಹೆಗಲು ಹಿಡಿದು ಆಚೆ ಕರೆದೊಯ್ದು ದನಿ ತಗ್ಗಿಸಿದರು.

"ಗೊತ್ತದ, ಸುಮ್ನಿರು. ಮೊಣಕಾಲ ಎಷ್ಟ ಬ್ಯಾನಿ ಆದ್ರೂ ಬಾಡಿಗಿ ಗಾಡಿದಾಗ ಆಕಿ ನಿಲ್ಲಸ್ರಿ ಅನ್ನಂಗಿಲ್ಲ. ನನ್ನ ಮುಂದೂ ಅನ್ನಂಗಿಲ್ಲ. ಅದಕ್ಕ ಕ್ಲಾಂಪ್ ನೋಡಾಕತ್ತೇನಿ."

ಹೋಗಿ ಹಿಂದೆ ಕುಳಿತೆ. ಸ್ವಲ್ಪ ದೂರದಲ್ಲಿ ಒಂದು ಬೇವಿನ ಮರ ಕಂಡಾಗ, ಕ್ಲಾಂಪು ಒಮ್ಮೆ ನೋಡೋಣ ಕಾಕಾ ಎಂದು ನಾನೇ ಹೇಳಿದೆ.