ನಾಲ್ಕನೆಯ ಕಟ್ಟು

ದೊಡ್ಡ ಕಾದಂಬರಿಯೊಂದರ ವಿಷಯ ಎತ್ತಲು ನನಗೆ ಯೋಗ್ಯತೆ ಇಲ್ಲ. ಅದನ್ನು ನಾನು ಪೂರ್ತಿ ಓದಿಯೂ ಇಲ್ಲ. ತಿಳಿದವರು ಕ್ಷಮಿಸಬೇಕು. ಆದರೆ ಆ ಕಾದಂಬರಿಯಿಂದ ನಮ್ಮ ಹುಷಾರಪ್ಪನವರಿಗೆ ಒದಗಿದ ಗತಿಯನ್ನು ಪಕ್ಕದ ಮೇಜಿನಿಂದ ನೋಡಿದವನು ನಾನು. ಹೇಳದೆ ಇರಲೂ ಆಗುತ್ತಿಲ್ಲ.

ಹುಷಾರಪ್ಪ ಎಂಬುದು ಅವರ ನಿಜವಾದ ಹೆಸರಲ್ಲ. ನೀರಿನ ಬಿಲ್ಲಿನ ಕಚೇರಿಯ ಗುಮಾಸ್ತರು. ಬೀಗ ಹಾಕಿದ ಮೇಲೆ ಎಳೆದು ನೋಡಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡುವವರು. ಅಂಥವರು ಅಂದು ಬೆಳಿಗ್ಗೆ ಊಟದ ಡಬ್ಬಿ, ಕೊಡೆ, ಕನ್ನಡಕ ಎಲ್ಲವನ್ನೂ ಮುಟ್ಟಿ ನೋಡಿಕೊಂಡು ಬಸ್ಸಿನಿಂದ ಇಳಿದು, ಕಾದಂಬರಿಯ ನಾಲ್ಕನೆಯ ಕಟ್ಟನ್ನು ಸೀಟಿನ ಮೇಲೆಯೇ ಬಿಟ್ಟುಬಂದರು.

ಕಟ್ಟಿನ ವಿಷಯ ಸ್ವಲ್ಪ ಹೇಳಬೇಕು. ಆ ಹೆಸರುವಾಸಿ ಕಾದಂಬರಿ ದಿಂಬಿನಷ್ಟು ದಪ್ಪ. ಕಚೇರಿಯವರೆಲ್ಲ ಸೇರಿ ಒಂದೇ ಪ್ರತಿ ಕೊಂಡಿದ್ದೆವು. ಒಬ್ಬರು ಮುಗಿಸುವ ತನಕ ಉಳಿದವರು ಬಾಯಿ ಬಿಟ್ಟುಕೊಂಡು ಕಾಯಬೇಕೇ ಎಂದು ಕ್ಯಾಷಿಯರ್ ಬ್ಲೇಡು ಹಿಡಿದು ಅದನ್ನು ನಾಲ್ಕು ಭಾಗ ಮಾಡಿ, ಫೈಲಿನ ದಾರ ಪೋಣಿಸಿಬಿಟ್ಟರು. ಯಾರಿಗೆ ಯಾವ ಕಟ್ಟು ಸಿಕ್ಕಿತೋ ಅಲ್ಲಿಂದಲೇ ಓದು. ಹೀಗಾಗಿ ಊಟದ ಹೊತ್ತಿಗೆ ದಿನವೂ ಜಗಳ. ಮೊದಲ ಕಟ್ಟು ಓದಿದವರಿಗೆ ನಾಯಕನ ಹೆಂಡತಿ ಬಜಾರಿ, ಮೂರನೆಯದು ಓದಿದವರಿಗೆ ದೇವತೆ. ಎರಡನೆಯದನ್ನು ಓದಿದ ನಾನು ಸುಮ್ಮನಿರುತ್ತಿದ್ದೆ. ಆ ಕಟ್ಟಿನುದ್ದಕ್ಕೂ ಆಕೆ ತವರಿನಲ್ಲಿದ್ದಳು.

ಸೂಪರಿಂಟೆಂಡೆಂಟ್ ಮೇಡಂ ಮಾತ್ರ ಕ್ರಮವಾಗಿ ಮೂರು ಮುಗಿಸಿ ನಾಲ್ಕನೆಯದಕ್ಕೆ ಕಾಯುತ್ತಿದ್ದರು. ಮನೆಬಿಟ್ಟ ನಾಯಕ ಟಿಕೆಟು ಹಿಡಿದು ರೈಲು ನಿಲ್ದಾಣದಲ್ಲಿ ನಿಂತಿದ್ದಾನೆ, ಹೆಂಡತಿ ಓಡೋಡಿ ಬರುತ್ತಿದ್ದಾಳೆ. ಮೂರನೆಯ ಕಟ್ಟು ಅಲ್ಲಿಗೆ ನಿಲ್ಲುತ್ತದೆ. ನಾಲ್ಕನೆಯದು ಹುಷಾರಪ್ಪನವರ ಬಳಿಯಿತ್ತು. ಆದರೆ ಕೊನೆ ದುಃಖದ್ದಾದರೆ ತಡೆಯಲಾರೆನೆಂದು ಅವರು ಅದನ್ನು ತೆರೆದೇ ಇರಲಿಲ್ಲ.

ಕಳೆದುಹೋದದ್ದು ಬರೀ ಕಟ್ಟಾಗಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಗುಡ್ಡದಾಚೆಯ ಉಪಕಚೇರಿಗೆ ಒಬ್ಬರನ್ನು ವರ್ಗ ಮಾಡಬೇಕಿತ್ತು. ಯಾರನ್ನು ಎಂದು ಮೇಡಂ ಅಂದೇ ಸಂಜೆ ತೀರ್ಮಾನಿಸುವವರಿದ್ದರು. ಹುಷಾರಪ್ಪನವರ ಹೆಂಡತಿ ಆಗಷ್ಟೇ ಹೊಲಿಗೆ ಅಂಗಡಿ ಇಟ್ಟಿದ್ದರು. “ಹೋಗೋದಾದ್ರೆ ನೀವೊಬ್ರೇ ಹೋಗಿ. ನಾನಂತೂ ಅಂಗಡಿ ಬಿಟ್ಟು ಬರೋಳಲ್ಲ,” ಎಂದು ಕತ್ತರಿ ಆಡಿಸುತ್ತಲೇ ಹೇಳಿದ್ದರು. “ಬೀಗ ಸರಿಯಾಗಿದೆ, ಮಲ್ಕೊಳ್ಳಿ” ಎಂದು ಹೆಂಡತಿ ಹೇಳದೆ ಕಣ್ಣು ಮುಚ್ಚಲಾರದ ಮನುಷ್ಯ ಅವರು. ಗುಡ್ಡದಾಚೆ ಒಬ್ಬರೇ ಏನು ಮಾಡಿಯಾರು? ಇಂಥ ದಿನ ಮೇಡಂ ಅವರ ಮೂಡು ಕೆಡಿಸುವುದೆಂದರೆ ಹಾವಿನ ಹುತ್ತಕ್ಕೆ ಕೈ ಹಾಕಿದಂತೆ.

ಬೆಳಿಗ್ಗೆಯೇ ಮೇಡಂ ಬಾಗಿಲಿನಿಂದ ಕೂಗಿದರು. “ಏನ್ರೀ, ನಾಲ್ಕನೇದು ತಂದ್ರಾ?”

“ಸ್... ಸ್ವಲ್ಪ ಬಾಕಿ ಇದೆ ಮೇಡಂ. ಸಂಜೆ!”

ಹುಷಾರಪ್ಪ ಟೈಪಿಸ್ಟ್ ಬಳಿಗೆ ಓಡಿದರು. “ಅಕ್ಕಾ, ನೀವು ಕೊನೆ ಓದಿದೀರಲ್ಲ, ಏನಾಗುತ್ತೆ?”

ಟೈಪಿಸ್ಟ್ ಅವರ ಗಂಡ ವರ್ಷದಿಂದ ಪರವೂರಿನಲ್ಲಿ ಕೆಲಸದಲ್ಲಿದ್ದ. ಆಕೆ ಕಣ್ಣೊರೆಸಿಕೊಂಡರು. “ಟಿಕೆಟ್ ಹರಿದು ಬಿಸಾಕಿ ಮನೆಗೆ ಬರ್ತಾನೆ ಕಣ್ರೀ. ಬರದೆ ಎಲ್ಲಿ ಹೋಗ್ತಾನೆ? ಬರಲೇಬೇಕು!”

“ಬರ್ತಾನೋ, ಬರಲೇಬೇಕೋ?”

“ಎರಡೂ ಒಂದೇ. ಹೋಗಿ, ಕೆಲ್ಸ ನೋಡಿ.”

ಕ್ಯಾಷಿಯರ್ ಮನೆಗೆ ಅತ್ತೆ ಬಂದು ಎರಡು ತಿಂಗಳಾಗಿತ್ತು. ಅವರು ನಕ್ಕರು. “ಆಯಮ್ಮ ಏನು ಓದಿದ್ಲೋ! ನಾನು ಲೆಕ್ಕದೋನಪ್ಪ, ಮೊದಲು ಒಟ್ಟು ಮೊತ್ತ ನೋಡಿ ಆಮೇಲೆ ವಿವರ ನೋಡೋನು. ನಾಲ್ಕನೇ ಕಟ್ಟಿಂದಾನೇ ಶುರು ಮಾಡಿದ್ದು. ರೈಲು ಹತ್ತಿಬಿಡ್ತಾನೆ. ತಿರುಗಿ ಕೂಡ ನೋಡಲ್ಲ.”

“ಪಾಪ, ಹೆಂಡತಿ?”

“ಅವಳೂ ಆರಾಮಾಗಿರ್ತಾಳೆ. ಇನ್ನೊಂದು ಮಾತು ಕೇಳಿಸ್ಕೊ. ಹೆಂಡ್ತಿ ಸೆರಗು ಹಿಡ್ಕೊಂಡು ವಾಪಸ್ ಬರೋ ಗಂಡಸು ಅಂದ್ರೆ ಮೇಡಂಗೆ ಮೈಯೆಲ್ಲ ಉರಿಯುತ್ತೆ.”

ಮಧ್ಯಾಹ್ನ ಹುಷಾರಪ್ಪ ಊಟ ಬಿಟ್ಟು ಪುಸ್ತಕದಂಗಡಿಗೆ ಓಡಿದರು.

“ಖಾಲಿ ಸಾರ್. ಅಳಿಸೋ ಪುಸ್ತಕ ನಿಲ್ಲೋದೇ ಇಲ್ಲ. ಮುಂದಿನ ತಿಂಗಳು ಬನ್ನಿ,” ಎಂದ ಅಂಗಡಿಯವ.

“ಕೊನೇಲಿ ಏನಾಗುತ್ತೆ ಅಂತಾದ್ರೂ ಹೇಳಪ್ಪ.”

“ನಾನು ಮಾರೋನು ಸಾರ್. ಓದ್ಕೊಂಡು ಕೂತ್ರೆ ಮಾರೋರ್ಯಾರು?”

ಸಂಜೆ ಮೇಡಂ ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು. ನಮ್ಮ ಕಿವಿಗಳೆಲ್ಲ ಆ ಸಂದಿಯಲ್ಲಿದ್ದವು.

“ಕಟ್ಟು ಎಲ್ರೀ?”

“ಮನೇಲಿ ಮೇಡಂ. ನಮ್ಮನೆಯವಳು ಓದ್ತಾ ಇದಾಳೆ, ಕೈಯಿಂದ ಬಿಡ್ತಾನೇ ಇಲ್ಲ.”

“ಸರಿ, ಬಾಯಲ್ಲೇ ಹೇಳಿ. ನನಗಿನ್ನು ಕಾಯೋಕಾಗಲ್ಲ. ರೈಲು ಹತ್ತಿದ್ನಾ?”

“ಹ... ಹತ್ತಿದ ಮೇಡಂ.”

ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು. “ಆಮೇಲೆ?”

ಆಮೇಲಿನದು ಕ್ಯಾಷಿಯರೂ ಹೇಳಿರಲಿಲ್ಲ. ಹುಷಾರಪ್ಪ ತಾವೇ ಕಟ್ಟಿ ಹೇಳಲು ಶುರುಮಾಡಿದರು. ನಾಯಕ ದೂರದ ಊರಿನಲ್ಲಿ ಒಂದು ಸಣ್ಣ ಕೋಣೆ ಹಿಡಿದ. ಮೊದಲ ದಿನ ಅನ್ನ ಸೀಯಿಸಿದ, ಎರಡನೆಯ ದಿನ ಕಲಿತ. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಮೇಡಂ ಮೂಗೆಳೆಯುವುದು ಕೇಳಿ ಅವರಿಗೆ ಹುರುಪು ಬಂತು. ಹತ್ತಿರವಿದ್ದಾಗ ಕಚ್ಚಾಡುತ್ತಿದ್ದ ಗಂಡಹೆಂಡಿರು ದೂರವಾದ ಮೇಲೆ ಹೊಸದಾಗಿ ಮದುವೆಯಾದವರಂತಾದರು. ಅವನಿಗೆ ಅವಳ ಬೆಲೆ ತಿಳಿಯಿತು, ಅವಳಿಗೆ ನೆಮ್ಮದಿಯ ಬೆಲೆ. “ದೂರ ಇಲ್ಲದಿದ್ರೆ ನಾನು ಮನುಷ್ಯನೇ ಆಗ್ತಿರಲಿಲ್ಲ, ಅಂತ ಹೇಳ್ತಾನೆ ಮೇಡಂ!” ಎಂದು ಹುಷಾರಪ್ಪ ಕೈಯೆತ್ತಿ ಮುಗಿಸಿದರು. ಹೊರಗೆ ಟೈಪಿಸ್ಟ್ ಬಿಕ್ಕಿದರು.

ಮೇಡಂ ಮೂಗೊರೆಸಿಕೊಂಡರು. ಆಮೇಲೆ ಹೇಳಿದರು. “ನಿಮ್ಮನ್ನ ಇಷ್ಟು ದಿನ ನಾನು ತಪ್ಪು ತಿಳ್ಕೊಂಡಿದ್ದೆ ಕಣ್ರೀ. ಗುಡ್ಡದಾಚೆಗೆ ನಿಮ್ಮನ್ನೇ ಕಳಿಸಬೇಕಿತ್ತು, ಕೆಲಸದಲ್ಲಿ ಅಷ್ಟು ಹುಷಾರು ನೀವು. ಆದರೆ ಸಂಸಾರಸ್ಥ, ಹೆಂಡತೀನ ಬಿಟ್ಟಿರಲಾರದವನು ಅಂತ ಕನಿಕರ ಪಟ್ಟು ಕ್ಯಾಷಿಯರ್ ಹೆಸರು ಬರೆದಿಟ್ಟಿದ್ದೆ. ಈಗ ಹೇಳ್ತಿರುವಾಗ ನಿಮ್ಮ ಕಣ್ಣು ನೋಡಿದೆ. ಎಂಥ ಆಸೆ ಇತ್ತು ಅದರಲ್ಲಿ! ಬಾಯಿಬಿಟ್ಟು ಕೇಳೋಕೆ ಸಂಕೋಚ ಅಲ್ವಾ?”

“ಮೇಡಂ, ಅದು ಬರೀ ಕತೆ...”

“ಬರೀ ಕತೆ ಅನ್ಬೇಡಿ! ನಿಮ್ಮಂಥ ಓದುಗರು ಹಾಗನ್ನಬಾರದು.”

ಪೆನ್ನು ಒಂದು ಹೆಸರನ್ನು ಪರಪರನೆ ಹೊಡೆದುಹಾಕುವ ಸದ್ದು, ಬಳಿಕ ಇನ್ನೊಂದನ್ನು ಬರೆಯುವ ಸದ್ದು ಕೇಳಿಸಿತು. ಕಟ್ಟುಕತೆ ಎಂದು ಒಪ್ಪಿಕೊಂಡರೆ ಕಟ್ಟು ಕಳೆದದ್ದೂ ಸುಳ್ಳು ಹೇಳಿದ್ದೂ ಒಟ್ಟಿಗೆ ಬಯಲಾಗುತ್ತವೆ. ಹುಷಾರಪ್ಪ ಎರಡೂ ಕೈ ಜೋಡಿಸಿ, “ಉಪಕಾರವಾಯ್ತು ಮೇಡಂ,” ಎಂದರು. ಹೊರಗೆ ಬಂದಾಗ ಅವರ ಮುಖ ನೀರು ಬತ್ತಿದ ನಲ್ಲಿಯಂತಿತ್ತು.

ಕ್ಯಾಷಿಯರ್ ಎದ್ದುಬಂದು ಅವರನ್ನು ಬಿಗಿಯಾಗಿ ತಬ್ಬಿಕೊಂಡರು. “ಎಂಥ ಕೊನೆ ಹೇಳ್ದೆ ಮಾರಾಯ! ಪುಸ್ತಕದಲ್ಲಿ ಕೂಡ ಇಷ್ಟು ಚೆನ್ನಾಗಿಲ್ಲ!”

ಕ್ಯಾಷಿಯರ್ ನಾಲ್ಕನೆಯ ಕಟ್ಟನ್ನು ನಿಜವಾಗಿ ಓದಿದ್ದರೋ, ಅಥವಾ ಮೇಡಂ ಯಾರ ಹೆಸರು ಬರೆದಿಟ್ಟಿದ್ದಾರೆಂದು ಅವರಿಗೆ ಬೆಳಿಗ್ಗೆಯೇ ಗೊತ್ತಿತ್ತೋ, ನನಗೆ ಇಂದಿಗೂ ತಿಳಿದಿಲ್ಲ.