ಬಾಯಿ ಮುಚ್ಚಿ ಮಾಡಿದ ಸೇವೆ

ನನ್ನ ಗಂಟಲಿನಲ್ಲಿ ಬಾಡಿಗೆದಾರರು ಹೆಚ್ಚು. ನಮ್ಮ ಪ್ರಿನ್ಸಿಪಾಲರು, ಪಕ್ಕದ ಮನೆಯ ಕಮಲಮ್ಮ, ತುಂಗಭದ್ರಾ ಡ್ಯಾಂನಲ್ಲಿ ನೀರು ಬಿಡುವ ಮುನ್ನ ಮೈಕಿನಲ್ಲಿ ಎಚ್ಚರಿಸುವ ಧ್ವನಿ, ಹಂಪಿಯಲ್ಲಿ ಮೂರು ಭಾಷೆಗಳನ್ನು ಒಂದೇ ರಾಗದಲ್ಲಿ ಒಪ್ಪಿಸುವ ಗೈಡು, ಎಲ್ಲರೂ ಅಲ್ಲಿ ಹಾಯಾಗಿ ಬೀಡುಬಿಟ್ಟಿದ್ದಾರೆ. ಮನೆಯ ಯಜಮಾನನಾದ ನನ್ನ ಸ್ವಂತ ಧ್ವನಿ ಯಾವ ಮೂಲೆಯಲ್ಲಿ ಮಲಗಿದೆಯೋ ನನಗೇ ತಿಳಿಯದು. ಫೋನಿನಲ್ಲಿ ನಾನು ‘ಹಲೋ’ ಎಂದರೆ ಹೆತ್ತ ತಾಯಿಯೂ “ಯಾರ್ರಿ ಮಾತಾಡೋದು?” ಎಂದು ಕೇಳುತ್ತಾಳೆ. ಇದನ್ನೊಂದು ಕಲೆ ಎಂದುಕೊಂಡು ಮೆರೆಯುತ್ತಿದ್ದೆ. ಇದರಿಂದ ಇನ್ನೊಬ್ಬರಿಗೆ ಬಸ್ಸು ತಪ್ಪಬಹುದೆಂದು ಹೊಳೆದಿರಲಿಲ್ಲ.

ಕಳೆದ ವರ್ಷ ಹೊಸಪೇಟೆಯ ನಮ್ಮ ಕಾಲೇಜು, ಸಂಡೂರಿನದೊಂದು, ಕಂಪ್ಲಿಯದೊಂದು ಸೇರಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡವು. ವಿದ್ಯಾರ್ಥಿಗಳು ಶನಿವಾರ ಸಮುದಾಯ ಸೇವೆ ಮಾಡಬೇಕು, ಮಾಡಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆಯಬೇಕು, ಗಂಟೆ ತುಂಬಿದವರಿಗೆ ಅಂಕ. ಯಾರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಬಂದಾಗ ನಮ್ಮ ಸಂಯೋಜಕ ಸರ್ ಎದ್ದು, “ನಮ್ಮೂರಾಗ ನಾವ ಕೆಲಸ ಮಾಡಿದ್ರ, ಏನಪಾ ಅಂದ್ರ, ಅದು ಮನಿಗೆಲಸ ಆಗ್ತದ. ಸೇವೆ ಅನ್ನಿಸಂಗಿಲ್ಲ” ಎಂದರು. ಸಭೆ ತಲೆದೂಗಿತು. ಹೀಗಾಗಿ ಹೊಸಪೇಟೆಯವರು ಕಂಪ್ಲಿಗೆ, ಕಂಪ್ಲಿಯವರು ಸಂಡೂರಿಗೆ, ಸಂಡೂರಿನವರು ಹೊಸಪೇಟೆಗೆ ಎಂದು ತೀರ್ಮಾನವಾಯಿತು. ಶನಿವಾರ ಬೆಳಿಗ್ಗೆ ನಾವು ಹೊರಟರೆ ಕಂಪ್ಲಿಯವರು ಎದುರು ಬಸ್ಸಿನಲ್ಲಿ ಬರುತ್ತಿದ್ದರು, ಕಿಟಕಿಯಿಂದ ಕೈ ಬೀಸುತ್ತಿದ್ದೆವು. ನಮ್ಮ ಬೀದಿಯ ಕಸ ನಮ್ಮ ಕಣ್ಣೆದುರೇ ಸಂಡೂರಿನವರಿಗಾಗಿ ಕಾದು ಬಿದ್ದಿರುತ್ತಿತ್ತು. ನಗುವುದೇನೋ ಸುಲಭ. ಆದರೆ ದೊಡ್ಡವರಿಗೆ ಓದು ಕಲಿಸಲೆಂದು ಕಂಪ್ಲಿ ಕಾಲೇಜು ಒಂದು ಕೋಣೆ ಕೊಡದೆ, ವಿಶ್ವವಿದ್ಯಾಲಯ ಅಕ್ಷರದ ಕಾರ್ಡು ಕೊಡದೆ, ನಾವು ಅಲ್ಲಿಗೆ ಹೋಗದೆ ಇದ್ದಿದ್ದರೆ ನನಗೆ ಹುಲಿಗೆಮ್ಮಕ್ಕ ಸಿಗುತ್ತಿರಲಿಲ್ಲ.

ಹುಲಿಗೆಮ್ಮಕ್ಕ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವಳು. ಮೊದಲ ದಿನ ನಾನು ಅ ಆ ಇ ಈ ಎಂದು ಶುರು ಮಾಡಿದರೆ ಕೈ ಅಡ್ಡ ಹಿಡಿದಳು.

“ತಮ್ಮಾ, ಅದೆಲ್ಲ ಬ್ಯಾಡ. ನನಗ ಬಸ್ಸಿನ ಬೋರ್ಡ್ ಓದಾಕ ಬಂದ್ರ ಸಾಕು.”

ಮಗಳು ದೋಣಿಮಲೈಯಲ್ಲಿದ್ದಳು, ಏಳು ತಿಂಗಳ ಬಸುರಿ. ಹೊಸಪೇಟೆಗೆ ಬಂದು, ಸಂಡೂರಿನ ಬಸ್ಸು ಹಿಡಿದು, ಅಲ್ಲಿಂದ ಮುಂದೆ ಹೋಗಬೇಕು. ಮೈದುನ ಕರೆದುಕೊಂಡು ಹೋಗುವುದು ಅವನಿಗೆ ಬಿಡುವಾದಾಗ ಮಾತ್ರ. ಒಮ್ಮೆ ಅವನನ್ನು ಕಾಯದೆ ಹೊರಟು, ಯಾರನ್ನೋ ಕೇಳಿ ಹತ್ತಿದ ಬಸ್ಸು ಅವಳನ್ನು ಗಂಗಾವತಿಯಲ್ಲಿ ಇಳಿಸಿತ್ತು. “ಅಲ್ಲಿ ಯಾಕ ಹೋಗಿದ್ದಿ ಅಂತ ಇವತ್ತಿಗೂ ನಗ್ತಾರ,” ಎಂದಳು. “ಹೆರಿಗಿ ನೋವು ಮೈದುನನ ಬಿಡುವು ನೋಡಿ ಬರತೈತೇನು?”

ಅಂದೇ ಊರುಗಳ ಹೆಸರಿನ ಕಾರ್ಡು ಬರೆದೆ. ಬರೆದು ಸುಮ್ಮನಿರುವ ಜನ್ಮವೇ ನನ್ನದು? ಒಂದೊಂದು ಕಾರ್ಡಿಗೂ ಒಬ್ಬೊಬ್ಬ ಕಂಡಕ್ಟರನನ್ನು ನೇಮಿಸಿದೆ. ಬಳ್ಳಾರಿಯವನು ಕೆಮ್ಮಿ ಕೂಗುವವನು, ಹೊಸಪೇಟೆಯವನು ಮೂಗಿನಿಂದ, ಸಂಡೂರಿನವನು ಘಾಟಿ ಹತ್ತುವ ಲಾರಿಯಂತೆ ಎಳೆದೆಳೆದು. ಕೋಣೆಯೆಲ್ಲ ನಗು. ಎರಡೇ ಶನಿವಾರದಲ್ಲಿ ಹುಲಿಗೆಮ್ಮಕ್ಕ ಎಲ್ಲ ಕಾರ್ಡುಗಳನ್ನೂ ಪಟಪಟ ಹೇಳತೊಡಗಿದಳು. ವಿಶ್ವವಿದ್ಯಾಲಯದ ಮೇಡಂ ಪರೀಕ್ಷಿಸಲು ಬಂದಾಗಲೂ ಒಂದೂ ತಪ್ಪಲಿಲ್ಲ. ನಾನು ಮೇಡಂ ಹಿಂದೆ ತುಟಿ ಬಿಚ್ಚದೆ ನಿಂತಿದ್ದೆ. ಬಳ್ಳಾರಿಯ ಕಾರ್ಡು ಬಂದಾಗ ಸಣ್ಣಗೆ ಕೆಮ್ಮಿದೆನಂತೆ, ಹೊಸಪೇಟೆಗೆ ಮೂಗು ಅರಳಿಸಿದೆನಂತೆ, ಸಂಡೂರಿಗೆ ಕತ್ತು ಮುಂದೆ ಚಾಚಿದೆನಂತೆ. ಗೆಳೆಯರು ಆಮೇಲೆ ಹೇಳಿದ್ದು. ಆಗಂತೂ ಚಪ್ಪಾಳೆ, ಬ್ಯಾನರಿನ ಮುಂದೆ ಫೋಟೋ. ಫೋಟೋದಲ್ಲಿ ನನ್ನ ಎದೆ ನನಗಿಂತ ಒಂದು ಗೇಣು ಮುಂದಿದೆ.

ಮುಂದಿನ ಶನಿವಾರ ಕಂಪ್ಲಿಗೆ ಹೊರಡಲು ಹೊಸಪೇಟೆ ಬಸ್ ನಿಲ್ದಾಣಕ್ಕೆ ಬಂದರೆ, ಹುಲಿಗೆಮ್ಮಕ್ಕ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಒಬ್ಬಳೇ. ಕಂಪ್ಲಿಯಲ್ಲಿ ಕಂಡಕ್ಟರ್ ಕೂಗಿದ್ದನಂತೆ, ಹತ್ತಿ ಬಂದಿದ್ದಳು. ಎದುರಿಗೆ ಸಂಡೂರಿನ ಬಸ್ಸು. ಅದರ ಕಂಡಕ್ಟರ್ ಬಾಗಿಲಿಗೆ ಒರಗಿ ಮೊಬೈಲ್ ನೋಡುತ್ತಿದ್ದ. ಅವಳು ಬೋರ್ಡು ನೋಡಲಿಲ್ಲ, ಅವನ ಬಾಯಿ ನೋಡುತ್ತಿದ್ದಳು. ನಾನು ಓಡಿ ಹೋಗಿ ಮುಟ್ಟುವಷ್ಟರಲ್ಲಿ ಬಸ್ಸು ಹೊರಟುಹೋಯಿತು.

“ಅಕ್ಕಾ, ಅದೇ ಸಂಡೂರು ಬಸ್ಸು.”

“ಹೌದಾ? ಯಾರೂ ಕೂಗಲೇ ಇಲ್ಲಲ್ಲಪ.”

ಅವಳು ಬಸ್ಸು ಹೋದ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಅವಳೇ ನಿಧಾನವಾಗಿ, “ನಾನು ಅಕ್ಷರ ಓದಿಲ್ಲ ತಮ್ಮಾ, ನಿನ್ನ ಮಾರಿ ಓದೀನಿ,” ಎಂದಳು. ಬೈದಿದ್ದರೆ ಬೈದವರ ಧ್ವನಿಯನ್ನು ಗೆಳೆಯರಿಗೆ ಮಾಡಿ ತೋರಿಸಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಮುಂದಿನ ಬಸ್ಸಿಗೆ ನಾನೇ ಹತ್ತಿಸುತ್ತೇನೆ ಎಂದರೆ ಒಪ್ಪಲೂ ಇಲ್ಲ. “ನೀ ಹತ್ತಿಸಿದ್ರ, ಮೈದುನ ಹತ್ತಿಸಿದಂಗ ಆತು. ಕುಂದ್ರು ಇಲ್ಲಿ. ಕಲಿಸು. ಬಾಯಿ ಮುಚ್ಕಂಡು ಕಲಿಸು.”

ಕಲ್ಲಿನ ಬೆಂಚಿನ ಮೇಲೆ ಕೂತೆವು. ನನ್ನ ಬಸ್ಸು ಬಂತು, ಹೋಯಿತು. ಕಾಗದದ ಮೇಲೆ ಬರೆಯುವುದು, ಬರುವ ಬಸ್ಸಿನತ್ತ ಬೆರಳು ತೋರಿಸುವುದು, ಅಷ್ಟೇ ನನ್ನ ಕೆಲಸ. ಮೂಗು ತುರಿಸಿಕೊಳ್ಳಲೂ ಹೆದರಿಕೆ. ಅವಳು ಒಂದೊಂದು ಬೋರ್ಡನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದಳು. ತಪ್ಪಿದಾಗ ನನ್ನ ಗಂಟಲಿನ ಕಂಡಕ್ಟರುಗಳೆಲ್ಲ ಒದ್ದಾಡುತ್ತಿದ್ದರು, ನುಂಗಿಕೊಂಡೆ. ನಡುವೆ ಸಂಡೂರಿನ ಹುಡುಗರು ಬ್ಯಾನರು, ಪೊರಕೆ ಸಮೇತ ಸೇವೆಗೆ ಬಂದರು. “ಸ್ವಲ್ಪ ಕಾಲು ಎತ್ರಿ” ಎಂದು ನಮ್ಮ ಬೆಂಚಿನ ಕೆಳಗೂ ಗುಡಿಸಿದರು. ಹೊಸಪೇಟೆ ಅವರ ಪಾಲಿನ ಊರು. ಇಲ್ಲಿ ನಾನು ಕಲಿಸಿದ ಗಂಟೆ ಯಾವ ಪುಸ್ತಕಕ್ಕೂ ಸೇರುವುದಿಲ್ಲ ಎಂಬುದು ಕಾಲು ಎತ್ತಿಕೊಂಡಾಗಲೇ ನೆನಪಾದದ್ದು.

ಎರಡು ಗಂಟೆ ಕಳೆದ ಮೇಲೆ ಒಂದು ಬಸ್ಸು ಬಂದು ನಿಂತಿತು. ಯಾರೂ ಕೂಗಲಿಲ್ಲ. ನಾನು ನೆಲ ನೋಡುತ್ತಾ ಕೂತೆ. ಹುಲಿಗೆಮ್ಮಕ್ಕ ಎದ್ದು, ಹತ್ತಿರ ಹೋಗಿ, ತುಟಿಯಲ್ಲೇ ಬೋರ್ಡಿನ ಅಕ್ಷರ ಒಂದೊಂದಾಗಿ ಕೂಡಿಸಿ, ಯಾರನ್ನೂ ಕೇಳದೆ ಹತ್ತಿದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ಹಾಗೆಯೇ ಕತ್ತು ಚಾಚಿ, “ಸೊಂಡೂ...ರ್, ಸೊಂಡೂ...ರ್” ಎಂದು ಎಳೆದಳು. ಅದನ್ನು ನಂಬಿ ಇಬ್ಬರು ಓಡಿ ಬಂದು ಹತ್ತಿದರು. ನನ್ನನ್ನು ಇನ್ನೊಬ್ಬರು ಮಾಡಿ ತೋರಿಸಿದ್ದನ್ನು ನೋಡಿದ್ದು ಅದೇ ಮೊದಲು. ನಾನು ಇಷ್ಟು ವಿಕಾರವಾಗಿ ಕಾಣುತ್ತೇನೆಂದು ಗೊತ್ತಿರಲಿಲ್ಲ.

ಸೋಮವಾರ ಸರ್ ನನ್ನ ಪುಸ್ತಕದ ಖಾಲಿ ಸಾಲಿನ ಮೇಲೆ ಬೆರಳಿಟ್ಟರು. “ಶನಿವಾರ ಕಂಪ್ಲಿಗೆ ಹೋಗಿಲ್ಲ. ಏನು ಮಾಡ್ತಿದ್ದಿಲೇ?”

“ಸುಮ್ನ ಕುಂತಿದ್ದೆ ಸರ್.”

ಸರ್ ತಲೆ ಎತ್ತಿ ಅನುಮಾನದಿಂದ ನೋಡಿದರು.

“ಇದು ಯಾರ ಧ್ವನಿಲೇ? ಎಲ್ಲೂ ಕೇಳಿದಂಗಿಲ್ಲ.”