ನಾಜೂಕು ಹೊಟ್ಟೆಯವರ ಶಿಬಿರ

ಹರೆಯದ ಹುಡುಗ ಹುಡುಗಿಯರನ್ನು ಒಂದೇ ಸಾಲಿನಲ್ಲಿ ಕೂರಿಸಿ ಊಟ ಹಾಕಿಸಲು ಹೋಗಿ ನೀವು ಎಂದಾದರೂ ಸೋತಿದ್ದೀರಾ? ಅಡುಗೆ ಸೀದು ಅಲ್ಲ, ಸಾಲದೆ ಬಂದೂ ಅಲ್ಲ. ಬಿಸಿ ಅನ್ನ, ಬೇಳೆ, ಬದನೇಕಾಯಿ ಪಲ್ಯ ಎದುರಿಗಿಟ್ಟುಕೊಂಡೇ ಸೋತಿದ್ದೀರಾ? ನಾನು ಸೋತಿದ್ದೇನೆ. ಈ ಬೇಸಿಗೆಯಲ್ಲಿ, ಬಸವಕಲ್ಯಾಣದ ಹತ್ತಿರ, ಹಳ್ಳಿಯ ಯುವಜನರಿಗಾಗಿ ನಾನೇ ನಡೆಸಿದ ವಸತಿ ಶಿಬಿರದಲ್ಲಿ.

ಬೆಳಿಗ್ಗೆ ಯೋಗ, ಆಮೇಲೆ ನಾಯಕತ್ವ, ಊಟಕ್ಕೆ ಮುಂಚೆ ಸಮಾನತೆ ಎಂದು ಹಲಗೆಯ ಮೇಲೆ ಬರೆಸಿದ್ದೆ. ಸಮಾನತೆಯ ಪಾಠ ನನ್ನದೇ. ಮೈಕು ಸಿಕ್ಕರೆ ನಾನು ಬಿಡುವವನಲ್ಲ. ಅಡುಗೆಗೆ ಮೋರಖಂಡಿಯ ಶಾಂತಾಬಾಯಿ. ಅವರ ಕೈಯ ಜೋಳದ ರೊಟ್ಟಿ ತಿಂದವರು ಮನೆಯ ರೊಟ್ಟಿಯನ್ನು ಹಳಿಯುತ್ತಾರೆ. ನಾನು ಹಳಿದು ಅನುಭವಿಸಿದ್ದೇನೆ. ಮಕ್ಕಳನ್ನು ಬಿಡಲು ಬಂದ ತಂದೆತಾಯಂದಿರ ಎದುರಿಗೇ ಶಾಂತಾಬಾಯಿ ನನಗೆ "ಜೈ ಭೀಮ್ ಸರ್" ಎಂದರು. ನಾನೂ ಗಟ್ಟಿಯಾಗಿ "ಜೈ ಭೀಮ್" ಎಂದೆ. ಮರುದಿನ ಮಧ್ಯಾಹ್ನ ಮುಡಬಿ ಕಡೆಯಿಂದ ಶೇರ್ ಆಟೊ ಬಂತು. ಅದರ ತುಂಬ ಮಕ್ಕಳಿಗೆ ಮನೆಯಿಂದ ಕಳಿಸಿದ ಊಟದ ಡಬ್ಬಿಗಳು.

ಜೊತೆಗೆ ಬಂದಿದ್ದ ಒಬ್ಬ ತಂದೆಯನ್ನು ಕೇಳಿದೆ.

"ನಮ್ಮ ಹುಡುಗನ ಹೊಟ್ಟಿ ಭಾಳ ನಾಜೂಕ್ ಅದರಿ ಸರ್."

"ಇಡೀ ಆಟೊನೇ ನಾಜೂಕ್ ಏನ್ರಿ?"

ಅವನು ನಕ್ಕ. "ಖರೇ ಹೇಳ್ತೀನ್ರಿ, ನಮಗೇನಿಲ್ಲ. ಆ ಬಾಯಿ ಮಾಡಿದ್ದು ಉಣಬ್ಯಾಡ ಅಂತ ನಮ್ಮವ್ವ ಹಟ ಹಿಡದಾಳ."

ನಮ್ಮ ಕಡೆ ಎಲ್ಲ ಕೆಟ್ಟ ಕೆಲಸಕ್ಕೂ ಒಬ್ಬಳು ಮುದುಕಿ ಜವಾಬ್ದಾರಳು.

ಸಿಟ್ಟು ಬಂದು ಮರುದಿನ ಡಬ್ಬಿಗಳನ್ನು ಗೇಟಿನಲ್ಲೇ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ತಂದೆಯರ ಗುಂಪೇ ಬಂತು. "ಪೋರಗೋಳ್ನ ಕರ್ಕೊಂಡು ಹೋಗ್ತೀವ್ರಿ. ನಿಮ್ಮ ಭಾಷಣ ನೀವೇ ಕೇಳ್ಕೊಂತ ಕೂಡ್ರಿ!" ಖಾಲಿ ಕುರ್ಚಿಗಳು ಕಣ್ಣಿಗೆ ಕಟ್ಟಿ ನನ್ನ ಸಿಟ್ಟು ಇಳಿಯಿತು. ಅಷ್ಟರಲ್ಲಿ ಶಾಂತಾಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಸರ್, ನಾ ಇರ್ಲೇನ್ರಿ, ಹೋಗ್ಲೇನ್ರಿ? ಇವರ ಮುಂದ ಒಂದ್ ಮಾತು ಹೇಳ್ರಿ."

"ಸಂಜಿಕ ಮೀಟಿಂಗ್ ಮಾಡಿ ನೋಡೋಣು ಬಾಯಿ."

"ಮೈಕಿನ್ಯಾಗ ದಿನಾ ಹೇಳಾಕತ್ತೀರಿ. ಇಲ್ಲಿ ಹೇಳಾಕ ಮೀಟಿಂಗ್ ಯಾಕ ಬೇಕ್ರಿ?"

ಒಲೆ ಆರಿಸಿ, ಮನೆಯಿಂದ ತಂದಿದ್ದ ತಮ್ಮ ಸೌಟು ತೊಳೆದುಕೊಂಡು ಹೊರಟೇ ಹೋದರು. ನಾನು ತಡೆಯಲಿಲ್ಲ. ಅವರ ಹಿಂದೆ ನಾಲ್ಕು ಹೆಜ್ಜೆ ನಡೆದೆ, ಅಷ್ಟೆ; ಅದನ್ನು ತಡೆಯುವುದು ಅನ್ನುವುದಿಲ್ಲ.

ಆಮೇಲೆ ಹುಮನಾಬಾದಿನ ಒಂದು ಹೋಟೆಲಿನಿಂದ ಊಟ ತರಿಸಿದೆ. ಡಬ್ಬಿಗಳು ನಿಂತವು. ನಾಜೂಕು ಹೊಟ್ಟೆಗಳು ಎಣ್ಣೆ ತೇಲುವ ಪಲ್ಯವನ್ನು ಎರಡೆರಡು ಸಲ ಬಡಿಸಿಕೊಂಡವು. ಆ ಹೋಟೆಲಿನ ಒಲೆಯ ಮುಂದೆ ನಿಲ್ಲುವವರು ಯಾರು, ಯಾವ ಕೇರಿಯವರು ಎಂದು ಯಾರೂ ಕೇಳಲಿಲ್ಲ. ಅಡುಗೆಯವರ ಮುಖ ಕಾಣದಿದ್ದರೆ ಅನ್ನಕ್ಕೆ ಜಾತಿಯೇ ಇಲ್ಲ ನೋಡಿ!

ಕೊನೆಯ ದಿನದ ಊಟದ ಸಾಲಿನ ಫೋಟೊವನ್ನು, 'ನಮ್ಮ ಶಿಬಿರದಲ್ಲಿ ಎಲ್ಲರೂ ಒಂದೇ' ಎಂದು ಬರೆದು, ನನ್ನ ಇದೇ ಪುಟದಲ್ಲಿ ಹಾಕಿದ್ದೆ. ನೀವೂ ಮೆಚ್ಚಿದಿರಿ. ಅವ್ವನ ಹಟ ಎಂದಿದ್ದ ಆ ಮುದುಕಿಯ ಮಗ ಎರಡು ಕೈ ಮುಗಿಯುವ ಚಿತ್ರ ಒತ್ತಿದ. ಶಾಂತಾಬಾಯಿಯ ಮಗಳು ಮಾತ್ರ ಕೆಳಗೆ ಒಂದೇ ಸಾಲು ಬರೆದಿದ್ದಾಳೆ: "ಸರ್, ಅಡಗಿ ಯಾರು ಮಾಡ್ಯಾರ್ರಿ?"

ಇನ್ನೂ ಉತ್ತರ ಕೊಟ್ಟಿಲ್ಲ. ನಿಮ್ಮ ಶಿಬಿರ, ಶಾಲೆ, ಮದುವೆಯಲ್ಲಿ ಹೀಗೆ ಆಗಿದ್ದರೆ ದಯವಿಟ್ಟು ಬರೆಯಿರಿ; ಆಗ ನೀವು ಏನು ಹೇಳಿದಿರಿ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ನನಗಿಂತ ದೊಡ್ಡ ಹೇಡಿ ಒಬ್ಬರಾದರೂ ಸಿಕ್ಕರೆ ಸ್ವಲ್ಪ ಸಮಾಧಾನವಾದೀತು.